ಕೇಳಿದರೆ ಮಾತ್ರ ಔಟ್

೩ ನವೆಂಬರ್ ೧೯೬೦, ಗುರುವಾರ

ಇವತ್ತು ಮ್ಯಾನೇಜರು ಕರೆಸಿದರು. ನಾನು ಕ್ರಿಕೆಟ್ ಕಲಿಸಬೇಕಂತೆ. ಯಾರಿಗೆ? ಹತ್ತಿ ಹೊರುವವರಿಗೆ, ನೂಲಿನ ಎಳೆ ಗಂಟು ಹಾಕುವವರಿಗೆ, ಬಾಯ್ಲರಿಗೆ ಕಟ್ಟಿಗೆ ಒಟ್ಟುವವರಿಗೆ! ಹರಿಹರದ ಎಂಜಿನ್ ಕಾರ್ಖಾನೆಯವರು ಜನವರಿ ಎಂಟಕ್ಕೆ ಪಂದ್ಯಕ್ಕೆ ಕರೆದಿದ್ದಾರೆ. ನಮ್ಮ ದಾವಣಗೆರೆ ಮಿಲ್ಲಿನ ಯಜಮಾನರು ಹಿಂದೆಮುಂದೆ ನೋಡದೆ ಒಪ್ಪಿಕೊಂಡಿದ್ದಾರೆ. ಇಡೀ ಮಿಲ್ಲಿನಲ್ಲಿ ಕ್ರಿಕೆಟ್ ಗೊತ್ತಿರುವವರು ಇಬ್ಬರೇ. ಒಬ್ಬರು ಯಜಮಾನರ ತಮ್ಮನ ಮಗ ಕರಿಬಸವರಾಜ, ಮುಂಬಯಿಯಲ್ಲಿ ಓದಿ ಬಂದವರು. ಇನ್ನೊಬ್ಬ ನಾನು, ಟೈಂಕೀಪರ್ ವಾಮದೇವಪ್ಪ, ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಕಾಲೇಜ್ ತಂಡದಲ್ಲಿದ್ದವನು. ಆ ಎರಡು ವರ್ಷ ಹನ್ನೆರಡನೆಯವನಾಗಿ ನೀರು ಹೊತ್ತೆನೇ ಹೊರತು ಬ್ಯಾಟು ಹಿಡಿಯಲಿಲ್ಲ. ಮ್ಯಾನೇಜರು ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲಸ ಚೆನ್ನಾಗಿ ನಡೆದರೆ ಯುಗಾದಿಗೆ ಲೇಬರ್ ಆಫೀಸರ್ ಹುದ್ದೆ ನನಗೇ ಎಂದು ಬಾಯಿಬಿಟ್ಟು ಹೇಳಿದರು. ಹದಿನೆಂಟು ವರ್ಷದಿಂದ ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಬಂದವರ ಹೋದವರ ಕಾರ್ಡು ನೋಡಿ ನೋಡಿ ನನ್ನ ಕಣ್ಣೇ ಸವೆದಿದೆ. ಒಪ್ಪಿಕೊಂಡೆ.

ಆಮೇಲೆ ಆಟಗಾರರ ಪಟ್ಟಿ ಕೈಗೆ ಕೊಟ್ಟರು. ಮೊದಲ ಹೆಸರು ನೋಡಿ ಮೈ ಉರಿಯಿತು. ಕಾಟಪ್ಪ, ಆನೆಕೊಂಡದವನು, ಗೋದಾಮಿನ ಹಮಾಲ. ಐವತ್ತೇಳರ ಮುಷ್ಕರದಲ್ಲಿ ನಾನು ಕೆಲಸಕ್ಕೆ ಹೋಗಲು ಗೇಟು ದಾಟುವಾಗ ಇನ್ನೂರು ಜನರ ಎದುರಿಗೆ ನನ್ನ ಕೈಗೆ ಹಸಿರು ಬಳೆ ತೊಡಿಸಿದ ಮನುಷ್ಯ. ಆಗ ನಕ್ಕವರ ಮುಖ ಒಂದೊಂದೂ ನನಗೆ ನೆನಪಿದೆ.

ಅವನ ಋಣ ಮಿಲ್ಲಿನಲ್ಲಿ ಹೇಗೂ ಮುಗಿಯುತ್ತ ಬಂದಿದೆ. ಕಳೆದ ಶನಿವಾರ ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಹತ್ತಿಯ ಅಂಡಿಗೆ ಇಳಿಸುತ್ತಿದ್ದವನು ಕಾಟಪ್ಪ, ಅವನ ಜೇಬಿನಲ್ಲಿ ಬೀಡಿ ಸಿಕ್ಕಿತು. ಚಾರ್ಜ್‌ಶೀಟ್ ಕೊಟ್ಟಿದ್ದಾರೆ. ತಪ್ಪು ಸಾಬೀತಾದರೆ ಕೆಲಸ ಹೋಗುತ್ತದೆ, ಮತ್ತೆ ಈ ಊರಿನ ಯಾವ ಮಿಲ್ಲಿನವರೂ ಅವನನ್ನು ಒಳಗೆ ಬಿಡುವುದಿಲ್ಲ. ವಿಚಾರಣೆ ಈ ತಿಂಗಳೇ ಆಗಬೇಕಿತ್ತು. ಆದರೆ ಮಿಲ್ಲಿನ ಮಾಡಿನ ಮೇಲೆ ಕೂತ ಕೋತಿಗೆ ಅವನು ಅಂಗಳದ ಆ ತುದಿಯಿಂದ ಕಲ್ಲು ಬೀಸಿ ಹೊಡೆದದ್ದನ್ನು ಕರಿಬಸವರಾಜ ಕಂಡಿದ್ದಾರೆ. ಈ ಕೈ ನಮಗೆ ಬೇಕು, ವಿಚಾರಣೆ ಪಂದ್ಯ ಆದಮೇಲೆ ಇಟ್ಟುಕೊಳ್ಳಿ ಎಂದರಂತೆ.

ಇಲ್ಲಿ ಒಂದು ಮಾತು ಬರೆದಿಡುತ್ತೇನೆ, ಈ ಪುಸ್ತಕವನ್ನು ಬೇರೆಯವರು ಓದುವುದಿಲ್ಲವಲ್ಲ. ಬೆಂಕಿ ಬೀಳುವುದಕ್ಕೆ ಕಾಲು ಗಂಟೆ ಮೊದಲು ಗೋದಾಮಿನ ಹಿಂದಿನ ಕಿಟಕಿಯ ಬಳಿ ಸಿಗರೇಟು ಸೇದುತ್ತ ನಿಂತಿದ್ದವರು ಕರಿಬಸವರಾಜ. ಸೇದಿ ಮುಗಿಸಿ ತುಂಡನ್ನು ಕಿಟಕಿಯ ಒಳಗೇ ಎಸೆದರು. ನನ್ನ ಗೂಡಿನ ಜಾಲರಿಯಿಂದ ನಿಚ್ಚಳವಾಗಿ ಕಂಡೆ. ನನ್ನನ್ನು ಯಾರೂ ಕೇಳಿಲ್ಲ. ಹೇಳಿ ಯಾರನ್ನು ಉಳಿಸಬೇಕು, ಆ ಬಳೆಯವನನ್ನೇ?

೭ ನವೆಂಬರ್, ಸೋಮವಾರ

ಮೊದಲ ಪಾಠ. ಮಿಲ್ಲಿನ ಹಿಂದೆ ಹತ್ತಿಬೀಜ ಒಣಗಿಸುವ ಬಯಲೇ ಮೈದಾನ. ಎರೆಮಣ್ಣು ಒಡೆದು ಬಿರುಕು ಬಿಟ್ಟಿದೆ. ಅಂಡಿಗೆಗೆ ಸುತ್ತುವ ಗೋಣಿತಟ್ಟನ್ನು ಮೂರು ಪದರ ಹೊಲಿಸಿ ಹಾಸಿ, ಮೊಳೆ ಬಡಿಸಿದೆ. ಹತ್ತಿ ಹಿಂಜುವ ಕಾರ್ಡಿಂಗ್ ಖಾತೆಯ ಕೆಂಚಣ್ಣ ಚಪ್ಪಲಿ ದೂರ ಬಿಟ್ಟು ಬಂದು, ಗೋಣಿತಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡ. ಗರಡಿಮನೆ ಅಂದುಕೊಂಡಿದ್ದಾನೆ ಪುಣ್ಯಾತ್ಮ. ಅವನನ್ನು ನೋಡಿ ಉಳಿದವರೂ ಹಾಗೇ ಮಾಡಿದರು.

ಆದಷ್ಟು ಸರಳವಾಗಿ ಹೇಳಿದೆ. ಎರಡು ಪಾರ್ಟಿ, ಒಂದೊಂದರಲ್ಲಿ ಹನ್ನೊಂದು ಜನ. ಒಂದು ಪಾರ್ಟಿಯ ಇಬ್ಬರು ಬ್ಯಾಟು ಹಿಡಿದು ಈ ಕಡೆ ಒಬ್ಬ, ಆ ಕಡೆ ಒಬ್ಬ ನಿಲ್ಲುತ್ತಾರೆ. ಇನ್ನೊಂದು ಪಾರ್ಟಿಯ ಹನ್ನೊಂದೂ ಜನ ಬಯಲಲ್ಲಿ ನಿಂತು ಅವರನ್ನು ಔಟ್ ಮಾಡಲು ನೋಡುತ್ತಾರೆ. ಚೆಂಡು ಹೊಡೆದು ಇಬ್ಬರೂ ಜಾಗ ಅದಲುಬದಲು ಮಾಡಿದರೆ ಒಂದು ರನ್ನು. ಬೆನ್ನ ಹಿಂದಿನ ಮೂರು ಕಡ್ಡಿಗೆ ಚೆಂಡು ಬಡಿದರೆ ಔಟ್. ಹೊಡೆದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದರೆ ಔಟ್. ಓಡುವಾಗ ಗೆರೆ ಮುಟ್ಟುವ ಮೊದಲೇ ಚೆಂಡೆಸೆದು ಕಡ್ಡಿ ಕೆಡವಿದರೂ ಔಟ್. ಹತ್ತು ಜನ ಔಟಾದರೆ ಆ ಪಾರ್ಟಿಯ ಆಟ ಮುಗಿಯಿತು, ಆಮೇಲೆ ಇನ್ನೊಂದು ಪಾರ್ಟಿ ಬ್ಯಾಟು ಹಿಡಿಯುತ್ತದೆ.

"ತಿಳೀತಾ?" ಎಂದೆ. ಕಾಟಪ್ಪ ಕೂತಲ್ಲಿಂದಲೇ ಕೇಳಿದ.

"ಔಟಾದೋನು ಮತ್ತ ಯಾವಾಗ ಏಳ್ತಾನ್ರಿ?"

"ಏಳೋದಿಲ್ಲ."

"ಹುತುತುದಾಗ ಏಳ್ತಾನಲ್ರಿ. ನಮ್ಮೋನು ಅವರ ಕಡಿ ಒಬ್ಬನ್ನ ಮುಟ್ಟಿ ಬಂದ್ರ ಸತ್ತೋನು ಏಳ್ತಾನ."

"ಇದು ನಿಮ್ಮ ಹುತುತು ಕಬಡ್ಡಿ ಅಲ್ಲ. ಇಲ್ಲಿ ಸತ್ತವನು ಸತ್ತ."

"ಹಂಗಾರ ಇದು ಆಟ ಅಲ್ಲ ಬಿಡ್ರಿ, ಮಿಲ್ಲು. ಒಂದ್ಸಲ ಹೊರಗ ಹಾಕಿದ್ರ ಮುಗೀತು."

ಎಲ್ಲರೂ ನಕ್ಕರು. ಮುಷ್ಕರದ ದಿನದ್ದೇ ನಗು. ಕೋಣನ ಮುಂದೆ ಕಿನ್ನರಿ ಬಾರಿಸುವುದೆಂದರೆ ಇದೇ.

೧೦ ನವೆಂಬರ್, ಗುರುವಾರ

ಕೆಂಚಣ್ಣ ಔಟಾಗಿ ಹೋಗಿ ಕೂತಿದ್ದ. ಫಿಟ್ಟರ್ ಜಾಫರ್ ಒಂದು ಚೆಂಡನ್ನು ಬೇಲಿ ದಾಟಿಸಿದ. ತಕ್ಷಣ ಕೆಂಚಣ್ಣ ಬ್ಯಾಟು ಹಿಡಿದು ಓಡಿ ಬಂದು ನಿಂತ. "ನಮ್ಮೋನು ಬೌಂಡರಿ ಹೊಡದ, ನಾನು ಎದ್ದೆ" ಎಂದ. ಅವನನ್ನು ಹೊರಗೆ ಕಳಿಸಲು ಕಾಲು ಗಂಟೆ ಹಿಡಿಯಿತು. ಕಾಟಪ್ಪ ಮಾತ್ರ ಸುಮ್ಮನೆ ನಿಂತು ನನ್ನ ಮುಖ ನೋಡುತ್ತಿದ್ದ. ಇದೆಲ್ಲ ಅವನದೇ ಚಿತಾವಣೆ ಎಂದು ನನಗೆ ಗೊತ್ತು.

೨೧ ನವೆಂಬರ್, ಸೋಮವಾರ

ಇವತ್ತು ಅಂಪೈರಿನ ಪಾಠ. ಹರಿಹರದಲ್ಲಿ ನಮ್ಮ ಕಡೆಯ ಅಂಪೈರ್ ನಾನೇ, ಅವರ ಕಡೆಯಿಂದ ಒಬ್ಬರು ಬರುತ್ತಾರೆ. ಅಂಪೈರ್ ಹೇಳಿದ್ದೇ ಕೊನೆ, ಎದುರು ಮಾತಾಡುವಂತಿಲ್ಲ ಎಂದಾಗ ತಲೆಯಾಡಿಸಿದರು. ಸಾಹೇಬ ಹೇಳಿದ್ದೇ ಕೊನೆ ಎಂಬುದು ಇವರಿಗೆ ಹೊಸದಲ್ಲ. ತಕರಾರು ಬಂದದ್ದು ಅದರ ಮುಂದಿನ ಮಾತಿಗೆ. ಆಡುವವನು ಔಟಾಗಿದ್ದರೂ ಎದುರು ಪಾರ್ಟಿಯವರು ಕೂಗಿ ಕೇಳಬೇಕು. "ಹೌಜ್ ದಟ್" ಎಂದರೆ "ಇದು ಹೇಗೆ" ಎಂದು. ಕೇಳಿದರೆ ಮಾತ್ರ ಅಂಪೈರ್ ಬೆರಳು ಎತ್ತುತ್ತಾನೆ. ಕೇಳದಿದ್ದರೆ ಎತ್ತುವ ಹಾಗಿಲ್ಲ.

ಕಾಟಪ್ಪ ಎದ್ದು ನಿಂತ.

"ನೀವು ಕಂಡಿರ್ತೀರಲ್ರಿ?"

"ಕಂಡಿರ್ತೀನಿ."

"ಕಂಡೂ ಸುಮ್ನಿರ್ತೀರಿ?"

"ಅದೇ ನಿಯಮ."

"ಯಾರು ಮಾಡಿದ್ರಿ ಇಂಥ ನಿಯಮಾನ?"

"ಇಂಗ್ಲೆಂಡಿನವರು."

"ಅದಕ್ಕಾ ಮತ್ತ" ಎಂದು ಕೂತ. ಮತ್ತೆ ನಗು.

ಬೇಕೆಂದೇ ಅವನನ್ನು ಎಬ್ಬಿಸಿ, ಕೂಗಿ ತೋರಿಸು ಎಂದೆ. ಜಾಫರ್ ಕೂಗಿದ್ದ, ಕೆಂಚಣ್ಣ ಊರಿಗೇ ಕೇಳುವಂತೆ "ಹೌಸ್‌ದ್ಯಾಟೋ" ಎಂದು ಅರಚಿದ್ದ. ಇವನು ಮಾತ್ರ ಕೈಕಟ್ಟಿ ನಿಂತ. "ನಾನು ಯಾರನ್ನೂ ಕೇಳಂಗಿಲ್ರಿ. ಸ್ಟ್ರೈಕಿನಾಗೂ ಕೈಚಾಚಿ ಕೇಳಲಿಲ್ಲ, ಈಗ್ಲೂ ಕೇಳಂಗಿಲ್ಲ. ಕಣ್ಣಿದ್ದೋರು ತಾವೇ ಹೇಳ್ಬೇಕು." ಎಂಥ ಸೊಕ್ಕು! ಚಾರ್ಜ್‌ಶೀಟು ಜೇಬಿನಲ್ಲಿಟ್ಟುಕೊಂಡು ಈ ಮಾತು.

ಕೆಂಚಣ್ಣ ನಡುವೆ ಬಾಯಿ ಹಾಕಿ ಇನ್ನೊಂದು ಪ್ರಶ್ನೆ ತೆಗೆದ. "ಚೆಂಡು ಹಿಡಿದೋನು ಯಾರೋ ಅವನೇ ಕೇಳ್ಬೇಕಲ್ರಿ? ಪಂಚಾಯ್ತಿ ಕಟ್ಟಿಮ್ಯಾಗ ನೊಂದೋನೇ ಎದ್ದು ಹೇಳ್ಬೇಕು. ಮಂದಿ ನ್ಯಾಯ ನಾವು ಹೇಳಾಕ ಹೋಗಬಾರ್ದು." ತಂಡದ ಯಾರು ಬೇಕಾದರೂ ಕೇಳಬಹುದು ಎಂದು ಬಿಡಿಸಿ ಹೇಳಬೇಕಿತ್ತು. ಅಷ್ಟರಲ್ಲಿ ನನಗೆ ತಲೆ ಚಿಟ್ಟು ಹಿಡಿದಿತ್ತು. "ಹಾಗೇ ಅಂದುಕೊಳ್ಳಿ" ಎಂದು ಪಾಠ ಮುಗಿಸಿದೆ.

೨೮ ನವೆಂಬರ್, ಸೋಮವಾರ

ಕಾಟಪ್ಪನಿಗೆ ಬ್ಯಾಟು ನೇರ ಹಿಡಿಯುವುದು ಬರುವುದೇ ಇಲ್ಲ. ಕೊಡಲಿ ಬೀಸಿದ ಹಾಗೆ ಬೀಸುತ್ತಾನೆ. ಎಡಗಾಲು ಮುಂದೆ ಇಡು ಎಂದರೆ ಬಲಗಾಲು ಇಡುತ್ತಾನೆ. ಇವತ್ತು ನಾನೇ ಅವನ ಮೊಣಕಾಲು ಹಿಡಿದು ಮುಂದಕ್ಕೆ ಎಳೆದೆ. ಹತ್ತು ಸಲ ಎಳೆದ ಮೇಲೆ ಒಂದು ಹೊಡೆತ ಸರಿಯಾಗಿ ಬಿತ್ತು, ಚೆಂಡು ನೆಲ ಹಿಡಿದು ಬೀಜದ ರಾಶಿಯವರೆಗೆ ಹೋಯಿತು. ಅದೂ ಆಕಸ್ಮಿಕವೇ.

ಊಟಕ್ಕೆ ಕೂತಾಗ ಅನ್ನಪೂರ್ಣ ನಕ್ಕಳು. "ತುತ್ತಿಗೊಂದ್ಸಲ ಕಾಟಪ್ಪ ಅಂತೀರಲ್ರೀ. ಕಾಟಪ್ಪನ ಕಾಲು, ಕಾಟಪ್ಪನ ಮೊಣಕೈ. ಮದುವಿ ಆದಾಗ್ನಿಂದ ನನ್ನ ಹೆಸರು ಇಷ್ಟು ಸಲ ಹೇಳಿಲ್ಲ ನೀವು." ಶತ್ರುವಿನ ಮೇಲೆ ಕಣ್ಣಿಡಬೇಕಾಗುತ್ತದೆ ಎಂದೆ. ಅವಳು ಇನ್ನೊಂದು ರೊಟ್ಟಿ ಹಾಕಿದಳು.

೪ ಡಿಸೆಂಬರ್, ಭಾನುವಾರ

ಮೂರು ದಿನ ಕಾಟಪ್ಪ ಅಭ್ಯಾಸಕ್ಕೆ ಬರಲಿಲ್ಲ. ಇವತ್ತು ಸೈಕಲ್ ತುಳಿದು ಆನೆಕೊಂಡಕ್ಕೆ ಹೋದೆ. ಅವನ ಮೇಲಿನ ಅಕ್ಕರೆಗಲ್ಲ, ಹನ್ನೊಂದು ಜನ ಲೆಕ್ಕಕ್ಕೆ ಸಿಗಬೇಕಲ್ಲ.

ಅವನು ಮನೆಯಲ್ಲಿರಲಿಲ್ಲ. ಹೆಂಡತಿ ಯಲ್ಲಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಿಲ್ಲು ಕೈಬಿಟ್ಟರೆ ಇರಲಿ ಎಂದು ಪಾಳಿ ಮುಗಿದ ಮೇಲೆ ಶಾಮನೂರಿನ ಕಡೆ ಕೂಲಿ ಹುಡುಕಲು ಹೋಗುತ್ತಿದ್ದಾನಂತೆ. ನಾನು ಯಾರೆಂದು ತಿಳಿದ ಮೇಲೆ ಮೊರ ಕೆಳಗಿಟ್ಟಳು.

"ನೀವು ಗೇಟಿನಾಗ ಕೂಡ್ರೋರು. ನಮ್ಮನಿಯವ್ರು ಆವತ್ತು ಬೀಡಿ ಹಚ್ಚಿದ್ದು ನೀವು ಕಂಡಿದ್ರೇನ್ರಿ?"

"ಇಲ್ಲ. ನಾನು ಕಂಡಿಲ್ಲ" ಎಂದೆ.

"ನೀವೇ ಕಂಡಿಲ್ಲ ಅಂದ್ಮ್ಯಾಲೆ ಅವ್ರು ಹಚ್ಚಿಲ್ಲ ಬಿಡ್ರಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಕೂಡ್ರಿ ಎಂದಳು. ಕೂರಲಿಲ್ಲ.

ಅವಳು ಕೇಳಿದ್ದಕ್ಕೆ ನಾನು ಸತ್ಯವನ್ನೇ ಹೇಳಿದ್ದೇನೆ. ಒಂದಕ್ಷರವೂ ಸುಳ್ಳಲ್ಲ. ಆದರೂ ಹಿಂದಿರುಗಿ ಬರುವಾಗ ದಾರಿಯುದ್ದಕ್ಕೂ ಸಿಟ್ಟು ಬರುತ್ತಿತ್ತು. ಸೈಕಲ್ಲಿಗೆ ಅಡ್ಡ ಬಂದ ಎಮ್ಮೆಯವನಿಗೂ ಬೈದೆ, ಮನೆಗೆ ಬಂದು ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಅನ್ನಪೂರ್ಣಳ ಮೇಲೂ ಹಾರಾಡಿದೆ. ಉಪ್ಪು ಸರಿಯಾಗಿಯೇ ಇತ್ತು.

೫ ಡಿಸೆಂಬರ್, ಸೋಮವಾರ

ಬಂದ. ಎಡಗಾಲು ಸರಿಯಾಗಿ ಇಟ್ಟ.

೨೦ ಡಿಸೆಂಬರ್, ಮಂಗಳವಾರ

ಕರಿಬಸವರಾಜ ಬಿಳಿ ಪ್ಯಾಂಟು ತೊಟ್ಟು ಅಭ್ಯಾಸ ನೋಡಲು ಬಂದರು. ಅವರು ಕ್ಯಾಪ್ಟನ್, ಬಂದಿದ್ದು ಇದು ಮೂರನೇ ಸಲ. ನಾಲ್ಕು ಚೆಂಡು ಹಾಕಿದರು. ನಾಲ್ಕನೆಯದನ್ನು ಕಾಟಪ್ಪ ಎತ್ತಿ ಗೋದಾಮಿನ ಗೋಡೆಗೆ ಬಾರಿಸಿದ. ಸುಟ್ಟ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದಾರೆ, ಅಲ್ಲಿ ಚೆಂಡಿನ ಕೆಂಪು ಗುರುತು ಬಿತ್ತು.

ನನ್ನನ್ನು ಪಕ್ಕಕ್ಕೆ ಕರೆದು ಸಿಗರೇಟು ಹಚ್ಚಿದರು. "ಚೆನ್ನಾಗಿ ತಯಾರು ಮಾಡಿದೀರಿ ವಾಮದೇವಪ್ಪ. ಮ್ಯಾಚು ಒಂದು ಮುಗೀಲಿ, ಈ ಆಸಾಮೀನ ಕಳಿಸಿಬಿಡೋಣ. ಇಂಥವರು ಮಿಲ್ಲಿಗೆ ಯಾವತ್ತಿದ್ರೂ ಅಪಾಯ" ಎಂದರು. ಹೇಳುವಾಗ ಮುಖದಲ್ಲಿ ಅಳುಕೂ ಇಲ್ಲ, ನಾಚಿಕೆಯೂ ಇಲ್ಲ. ಬಹುಶಃ ಎಸೆದ ತುಂಡು ಎಲ್ಲಿ ಬಿತ್ತೆಂದು ಇವರಿಗೆ ನೆನಪೇ ಇಲ್ಲ.

ಹ್ಞೂಂ ಎಂದೆ. ಆಸಾಮಿಯಂತೆ! ಆರು ವಾರ ಮೈಮುರಿದು ಮುಂದುಗಾಲು ಇಡಲು ಕಲಿಸಿದವನು ನಾನು. ಇವರಿಗೇನು, ಬಂದರು, ಸೇದಿದರು, ಹೋದರು. ಕಾಟಪ್ಪನ ಮೇಲೆ ನನಗೆ ಪ್ರೀತಿ ಉಕ್ಕುತ್ತಿಲ್ಲ, ಸ್ಪಷ್ಟವಾಗಿರಲಿ. ನನ್ನ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಆಗಬಾರದು, ಅಷ್ಟೇ.

ಕಾಟಪ್ಪನನ್ನು ಇವತ್ತು ಸ್ವಲ್ಪ ಹೆಚ್ಚೇ ಬೈದೆ. ಅವನು ಒಮ್ಮೆ ನನ್ನ ಮುಖ ನೋಡಿ, "ಇವತ್ತೇನು ಮೈಯಾಗ ಹುಷಾರಿಲ್ಲೇನ್ರಿ?" ಎಂದ. ನಿನ್ನ ಕೆಲಸ ನೋಡು ಎಂದೆ.

೫ ಜನವರಿ ೧೯೬೧, ಗುರುವಾರ

ಹನ್ನೆರಡನೇ ತಾರೀಖು ವಿಚಾರಣೆ ಎಂದು ನೋಟೀಸು ಹಚ್ಚಿದ್ದಾರೆ. ಸಾಕ್ಷಿಗಳು: ವಾಚ್‌ಮನ್ ಮಾರಪ್ಪ ಮತ್ತು ನಾನು. ನನ್ನ ಹೆಸರಿನ ಮುಂದೆ "ಹಾಜರಿ ವೇಳೆಯ ಬಗ್ಗೆ ಮಾತ್ರ" ಎಂದು ಬರೆದಿದೆ. ಒಳ್ಳೆಯದೇ ಆಯಿತು.

೮ ಜನವರಿ, ಭಾನುವಾರ

ಸೋತೆವು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಗಿನ ರೈಲಿಗೆ ಹರಿಹರಕ್ಕೆ ಹೋದೆವು. ಹೊಳೆಯಿಂದ ಗಾಳಿ ಬೀಸುತ್ತಿತ್ತು. ಅವರ ಮೈದಾನ ನೋಡಿಯೇ ನಮ್ಮವರು ಅರ್ಧ ಸತ್ತರು. ಅಷ್ಟು ಹುಲ್ಲು, ಸುತ್ತ ಬಿಳಿ ಗೆರೆ, ಟೆಂಟಿನಲ್ಲಿ ಕುರ್ಚಿ, ಕುರ್ಚಿಯಲ್ಲಿ ಹೆಂಗಸರು. ಕೆಂಚಣ್ಣ ಗೆರೆಯ ಹೊರಗೆ ಚಪ್ಪಲಿ ಬಿಟ್ಟು ನೆಲ ಮುಟ್ಟಿ ನಮಸ್ಕಾರ ಮಾಡಿದ. ಟೆಂಟಿನಲ್ಲಿ ಯಾರೋ ಕಿಸಕ್ಕೆಂದರು. ನಗಲಿ, ನಾನೇನು ತಡೆಯುವುದು. ಆದರೆ ನಕ್ಕವನು ಯಾರೆಂದು ಗುರುತಿಟ್ಟುಕೊಂಡೆ.

ನಮ್ಮದು ಮೊದಲ ಆಟ. ನೂರಾ ಹನ್ನೆರಡು ರನ್ನು. ಕರಿಬಸವರಾಜ ನಲವತ್ತೆಂಟು ಹೊಡೆದರು, ಚೆನ್ನಾಗಿಯೇ ಆಡಿದರು. ಕಾಟಪ್ಪ ಇಪ್ಪತ್ತೊಂದು. ಅದರಲ್ಲಿ ಒಂದು ಹೊಡೆತ ಎಡಗಾಲು ಮುಂದಿಟ್ಟು, ತಲೆ ಬಗ್ಗಿಸಿ, ಬ್ಯಾಟು ನೇರ. ಚೆಂಡು ನನ್ನ ಪಕ್ಕದಲ್ಲೇ ಹಾದು ಗೆರೆ ದಾಟಿತು. ಅಂಪೈರ್ ಚಪ್ಪಾಳೆ ತಟ್ಟಬಾರದು. ತಟ್ಟಲಿಲ್ಲ.

ಊಟವಾದ ಮೇಲೆ ಅವರ ಆಟ. ಏಳು ಜನ ಔಟಾದಾಗ ತೊಂಬತ್ತು ರನ್ನು. ಅವರ ಪೈಕಿ ಒಬ್ಬ ಪುಣೆಯ ಎಂಜಿನಿಯರ್ ಬೇರು ಬಿಟ್ಟು ನಿಂತಿದ್ದ, ಅವನೊಬ್ಬ ಹೋದರೆ ಪಂದ್ಯ ನಮ್ಮದೇ. ಅಷ್ಟರಲ್ಲಿ ನಮ್ಮ ಕ್ಯಾಪ್ಟನ್ನು ಬೇರೊಬ್ಬನನ್ನು ಒಳಗೆ ಕಳಿಸಿ ಸಿಗರೇಟಿಗೆಂದು ಟೆಂಟಿಗೆ ಹೋದರು.

ಜಾಫರ್ ಹಾಕಿದ ಚೆಂಡನ್ನು ಆ ಎಂಜಿನಿಯರ್ ದೂರ ಹೊಡೆದು ಎರಡನೇ ರನ್ನಿಗೆ ತಿರುಗಿದ. ಗೆರೆಯ ಅಂಚಿನ ಜಾಲಿಮರದ ಹತ್ತಿರದಿಂದ ಕಾಟಪ್ಪ ಚೆಂಡೆತ್ತಿ ಬೀಸಿದ. ಸಣ್ಣವನಿದ್ದಾಗ ಜೋಳದ ಹೊಲದಲ್ಲಿ ಹಕ್ಕಿ ಕಾದು ಪಳಗಿದ ಕೈ ಅದು. ನಾನು ಬ್ಯಾಟು ಹಿಡಿದವನ ಪಕ್ಕಕ್ಕೆ ದೂರದಲ್ಲಿ ನಿಂತಿದ್ದೆ, ಆ ತುದಿಯ ತೀರ್ಪು ನನ್ನದು. ಚೆಂಡು ನೇರ ಬಂದು ನಡುಗಡ್ಡಿಯನ್ನು ಕಿತ್ತು ಹಾಕಿತು. ಆಗ ಎಂಜಿನಿಯರ್ ಗೆರೆಯಿಂದ ಎರಡು ಮಾರು ದೂರ ಇದ್ದ.

"ಬಿತ್ತು! ಬಿತ್ತು!" ಎಂದು ನಮ್ಮವರೆಲ್ಲ ಕುಣಿದರು. ಯಾರೂ ಕೇಳಲಿಲ್ಲ. ಎಸೆದವನು ಕಾಟಪ್ಪ, ಕೇಳಬೇಕಾದವನು ಅವನೇ ಎಂದು ಎಲ್ಲರೂ ಅವನ ಕಡೆ ತಿರುಗಿದರು. ಆವತ್ತು ಪಾಠದಲ್ಲಿ ನಾನೇ "ಹಾಗೇ ಅಂದುಕೊಳ್ಳಿ" ಎಂದಿದ್ದೆನಲ್ಲ. ಎಂಜಿನಿಯರ್ ತಾನಾಗಿಯೇ ನಾಲ್ಕು ಹೆಜ್ಜೆ ಟೆಂಟಿನ ಕಡೆ ನಡೆದವನು ನನ್ನ ಬೆರಳು ಏಳದ್ದನ್ನು ಕಂಡು ನಿಂತ.

ಕಾಟಪ್ಪ ಸೊಂಟದ ಮೇಲೆ ಕೈಯಿಟ್ಟು ಅಲ್ಲಿಂದ ನನ್ನನ್ನೇ ನೋಡುತ್ತಿದ್ದ. ಕೇಳೋ, ಕೇಳು ನನ್ಮಗನೆ, ಒಂದು ಮಾತು ಕೇಳು ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಅವನು ಕೇಳಲಿಲ್ಲ. ಬೌಲರ್ ಮುಂದಿನ ಚೆಂಡಿಗೆ ಓಡಿ ಬಂದ, ಅಲ್ಲಿಗೆ ಕೇಳುವ ಹೊತ್ತೂ ಮುಗಿಯಿತು. ಎಂಜಿನಿಯರ್ ಗೆಲ್ಲುವವರೆಗೂ ನಿಂತ.

ಬೇರೆ ಯಾವ ಅಂಪೈರ್ ಆಗಿದ್ದರೂ ಆ "ಬಿತ್ತು ಬಿತ್ತು" ಎಂಬುದನ್ನೇ ಅಪೀಲು ಎಂದುಕೊಂಡು ಬೆರಳು ಎತ್ತುತ್ತಿದ್ದ. ನಾನು ಎತ್ತಲಿಲ್ಲ. ನಿಯಮದ ಪ್ರಕಾರ ನಾನು ಸರಿ.

೯ ಜನವರಿ, ಸೋಮವಾರ

ನಿನ್ನೆ ವಾಪಸು ಬರುವ ರೈಲಿನ ಮಾತು ಬರೆಯುವುದು ಉಳಿದಿತ್ತು. ಡಬ್ಬಿಯಲ್ಲಿ ನನ್ನ ಪಕ್ಕದ ಜಾಗ ಖಾಲಿಯೇ ಇತ್ತು, ಮಂಡಕ್ಕಿಯ ಪೊಟ್ಟಣ ನನ್ನನ್ನು ಬಿಟ್ಟು ಉಳಿದವರ ಕೈಯಲ್ಲಿ ತಿರುಗಿತು. ದಾವಣಗೆರೆ ಹತ್ತಿರ ಬಂದಾಗ ಕಾಟಪ್ಪ ಬಂದು ಎದುರು ಕೂತ.

"ನೀವು ಕಂಡ್ರಿ."

"ಕಂಡೆ."

"ಔಟಿತ್ತು?"

"ಎರಡು ಮಾರು ದೂರ ಇದ್ದ."

"ಮತ್ತ್ಯಾಕ ಸುಮ್ನ ನಿಂತ್ರಿ?"

"ನೀನು ಕೇಳಲಿಲ್ಲ. ಎಷ್ಟು ಸಲ ಹೇಳಿದ್ದೆ ನಿನಗೆ? ಗಂಟಲಿಗೇನಾಗಿತ್ತು?" ನನ್ನ ದನಿ ಜೋರಾಯಿತು. ಇಡೀ ಡಬ್ಬಿ ನಮ್ಮನ್ನು ನೋಡಿತು.

ಅವನು ಮುಂದಕ್ಕೆ ಬಾಗಿ ಕೇಳಿದ. "ಕೇಳಿದ್ರ ಕಂಡಿದ್ದ ಹೇಳ್ತಿದ್ರಿ?"

"ಹೇಳಲೇಬೇಕು. ಕೇಳಿದ ಮೇಲೆ ಸುಳ್ಳು ಹೇಳುವ ಹಾಗಿಲ್ಲ."

"ಹಂಗಾ" ಎಂದು ಎದ್ದು ಹೋದ.

೧೨ ಜನವರಿ, ಗುರುವಾರ

ವಿಚಾರಣೆ ಮ್ಯಾನೇಜರ ಕೋಣೆಯಲ್ಲಿ. ಬಲಗಡೆ ಕರಿಬಸವರಾಜ ಕೂತಿದ್ದರು, ಯಜಮಾನರ ಪರವಾಗಿ. ಬಾಗಿಲ ಹತ್ತಿರ ಕಾಟಪ್ಪ. ಒಗೆದ ಅಂಗಿ ತೊಟ್ಟಿದ್ದ. ಹೊರಗೆ ವರಾಂಡದಲ್ಲಿ ಕೆಂಚಣ್ಣ, ಜಾಫರ್, ಇನ್ನೂ ಹತ್ತು ಹನ್ನೆರಡು ಜನ.

ಆರೋಪಿ ಸಾಕ್ಷಿಗಳನ್ನು ಪ್ರಶ್ನೆ ಕೇಳಬಹುದು ಎಂಬ ಕಾನೂನಿದೆ. ನಾನು ಕಂಡ ಹಾಗೆ ಹದಿನೆಂಟು ವರ್ಷದಲ್ಲಿ ಯಾವ ಕೂಲಿಯೂ ಕೇಳಿದ್ದಿಲ್ಲ. ಮಾರಪ್ಪನ ಹೇಳಿಕೆ ಮುಗಿದಾಗ ಮ್ಯಾನೇಜರು ಕಾಗದ ಮಗುಚುತ್ತಲೇ "ಏನಾದರೂ ಕೇಳೋದಿದೆಯೇನಯ್ಯಾ" ಎಂದರು. "ಐತ್ರಿ" ಎಂದ ಕಾಟಪ್ಪ. ಮ್ಯಾನೇಜರು ತಲೆ ಎತ್ತಿದರು. "ಮಾರಪ್ಪಣ್ಣ, ನೀನು ಏನು ಕಂಡಿ?" ಹೊಗೆ ಕಂಡೆ, ಓಡಿ ಬಂದೆ ಎಂದ ಮಾರಪ್ಪ. ನಾನು ಬೀಡಿ ಸೇದಿದ್ದು ಕಂಡಿಯಾ ಎಂದ ಕಾಟಪ್ಪ. ಇಲ್ಲ ಎಂದ.

ಆಮೇಲೆ ನನ್ನ ಸರದಿ. ಕಾಟಪ್ಪ ಎಷ್ಟು ಗಂಟೆಗೆ ಒಳಗೆ ಬಂದ ಎಂದು ಕೇಳಿದರು, ಹೇಳಿದೆ. ಇನ್ನು ಹೋಗಬಹುದು ಎಂದರು. ಎದ್ದೆ.

"ನಿಲ್ರಿ" ಎಂದ ಕಾಟಪ್ಪ. ಅವನಿಗೆ ಅದು ಎಷ್ಟು ಕಷ್ಟವಾಯಿತೆಂದು ಕುತ್ತಿಗೆಯ ನರ ನೋಡಿದರೆ ತಿಳಿಯುತ್ತಿತ್ತು. ಕೈ ಮುಗಿದಿರಲಿಲ್ಲ, ಆದರೆ ದನಿ ತಗ್ಗಿತ್ತು. "ನಿಮ್ಮನ್ನ ಕೇಳ್ತೀನ್ರಿ. ಬೆಂಕಿ ಬೀಳೋಕ ಮೊದ್ಲು ಗೋದಾಮಿನ ತಾವ ನೀವು ಏನೇನು ಕಂಡ್ರಿ?"

ಕರಿಬಸವರಾಜ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಲೇಬರ್ ಆಫೀಸರ್ ಕುರ್ಚಿ ನನಗೆ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ನೆನಪಾಯಿತು. ಬಳೆಯೂ ನೆನಪಾಯಿತು. ಆದರೆ ಕೇಳಿದ್ದಾನೆ. ಹೇಳಿದೆ. ಕಿಟಕಿ, ಸಿಗರೇಟು, ಹೆಸರು, ಗಂಟೆ ಎಲ್ಲ ಹೇಳಿದೆ.

ಮ್ಯಾನೇಜರು ಪೆನ್ನು ಕೆಳಗಿಟ್ಟರು. ಕರಿಬಸವರಾಜರ ಮುಖ ಮೊದಲು ಬೆಳ್ಳಗಾಗಿ ಆಮೇಲೆ ಕೆಂಪಾಯಿತು. ಸುಳ್ಳು ಎಂದು ಅವರು ಹೇಳಲಿಲ್ಲ, ಅದೊಂದನ್ನು ಒಪ್ಪಬೇಕು. ಕೊನೆಗೆ ಮ್ಯಾನೇಜರು, "ಇಷ್ಟು ದಿನ ಯಾಕ್ರೀ ಬಾಯಿ ಮುಚ್ಕೊಂಡಿದ್ರಿ?" ಎಂದರು.

"ಯಾರೂ ಕೇಳಲಿಲ್ಲ ಸಾರ್" ಎಂದೆ.

ಹೊರಗೆ ಬಂದಾಗ ಜಾಫರ್ ನನ್ನ ಕೈ ಹಿಡಿದುಕೊಂಡ. ಕೆಂಚಣ್ಣನ ಕಣ್ಣು ಒದ್ದೆಯಾಗಿತ್ತು. ಕಾಟಪ್ಪ ಹಿಂದಿನಿಂದ ಬಂದ. ಏನಾದರೂ ಒಳ್ಳೆಯ ಮಾತು ಹೇಳುತ್ತಾನೆಂದು ನಿಂತೆ. ಹೌದು, ಅದಕ್ಕಾಗಿಯೇ ನಿಂತೆ.

"ಎಲ್ಡು ತಿಂಗಳು ದಿನಾ ಸಂಜಿಮುಂದ ನನ್ನ ಜೋಡಿ ನಿಂತಿದ್ರಿ" ಎಂದ. "ನನ್ನ ಕಾಲು ಹಿಡಿದು ಎಳದ್ರಿ, ಮೊಣಕೈ ತಿದ್ದಿದ್ರಿ. ನಮ್ಮ ಮನಿಗೂ ಬಂದ್ರಿ, ನನ್ನ ಹೇಣ್ತಿ ಅಳೋದು ನೋಡಿದ್ರಿ. ನಾನು ಕೇಳ್ಬೇಕಿತ್ತೇನ್ರಿ?"

ಉತ್ತರಕ್ಕೆ ಕಾಯಲಿಲ್ಲ, ಗೋದಾಮಿನ ಕಡೆ ಹೋದ.

೧೩ ಜನವರಿ, ಶುಕ್ರವಾರ

ಕಾಟಪ್ಪನ ಮೇಲಿನ ಆರೋಪ ರದ್ದಾಗಿದೆ. ಕರಿಬಸವರಾಜ ಮುಂಬಯಿಗೆ ಹೊರಟರಂತೆ. ನನಗೂ ಒಂದು ಲಕೋಟೆ ಬಂತು. ಬೆಂಕಿಯ ವಿಷಯದಲ್ಲಿ ತಿಳಿದದ್ದನ್ನು ಎರಡೂವರೆ ತಿಂಗಳು ಮುಚ್ಚಿಟ್ಟ ಕಾರಣಕ್ಕೆ ಸಸ್ಪೆಂಡು. ಆರೋಪದಲ್ಲಿ ಒಂದು ಅಕ್ಷರವೂ ತಪ್ಪಿಲ್ಲ.

ಅನ್ನಪೂರ್ಣಳಿಗೆ ಎಲ್ಲ ಹೇಳಿದೆ. "ನನಗಾದ್ರೂ ಹೇಳಬಾರದಿತ್ತೇನ್ರೀ" ಎಂದಳು.

೧೮ ಜನವರಿ, ಬುಧವಾರ

ಐದು ದಿನ ಮನೆಯಲ್ಲಿ ಕೂತೆ. ಕ್ರಿಕೆಟ್ಟಿನ ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಕಾಟಪ್ಪನಾದರೂ ಕೃತಜ್ಞತೆ ಇಲ್ಲದ ಮನುಷ್ಯ, ಕೆಲಸ ಉಳಿಸಿಕೊಟ್ಟವನಿಗೇ ಎದುರು ಮಾತಾಡಿದ ಎಂದು ಬೈದುಕೊಂಡೆ. ಬೈಗುಳ ನಾಲಿಗೆಯ ಮೇಲೆ ನಿಲ್ಲಲಿಲ್ಲ.

ಇವತ್ತು ಸಂಜೆ ಆನೆಕೊಂಡಕ್ಕೆ ಹೋದೆ. ಯಾರೂ ಬಾ ಎಂದಿರಲಿಲ್ಲ. ಪಾಳಿ ಮುಗಿಸಿ ಬಂದ ಕಾಟಪ್ಪ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ಸೈಕಲ್ ನಿಲ್ಲಿಸಿದೆ. ಅವನು ಬರ್ರಿ ಎನ್ನಲಿಲ್ಲ, ಕೂಡ್ರಿ ಎನ್ನಲಿಲ್ಲ, ಯಾಕೆ ಬಂದಿರಿ ಎಂದೂ ಕೇಳಲಿಲ್ಲ. ಚೊಂಬಿನ ನೀರು ಪೂರ್ತಿ ಸುರಿದುಕೊಳ್ಳುವವರೆಗೂ ನಾನು ನಿಂತೇ ಇದ್ದೆ.

"ನನ್ನಿಂದ ತಪ್ಪಾಯಿತು ಕಾಟಪ್ಪ" ಎಂದೆ. "ಮೊದಲನೇ ದಿನವೇ ಹೇಳಬೇಕಿತ್ತು. ನಿನ್ನ ಮೇಲಿನ ಸಿಟ್ಟಿಗೆ ಹೇಳಲಿಲ್ಲ. ಕುರ್ಚಿಯ ಆಸೆಗೂ ಹೇಳಲಿಲ್ಲ."

ಅವನು ಟವೆಲಿನಿಂದ ಕಾಲು ಒರೆಸಿಕೊಂಡ, ಒಂದು ಕಾಲು, ಆಮೇಲೆ ಇನ್ನೊಂದು. ಯಲ್ಲಕ್ಕ ಬಾಗಿಲಿಗೆ ಬಂದು ನನ್ನನ್ನು ಕಂಡು ಒಳಗೆ ಸರಿದಳು.

"ಹೇಳಿದ್ರಲ್ಲ, ಹೋಗ್ರಿ" ಎಂದ.

ಸೈಕಲ್ ತಿರುಗಿಸಿಕೊಂಡೆ. ಅಷ್ಟರಲ್ಲಿ ಯಲ್ಲಕ್ಕ ತಂಬಿಗೆ ಹಿಡಿದು ಹೊರಗೆ ಬಂದು ಗಂಡನ ಮುಖ ನೋಡಿದಳು. ಅವನು ನನ್ನ ಕಡೆ ನೋಡದೆಯೇ ಹೇಳಿದ.

"ನೀರು ಕುಡದು ಹೋಗ್ರಿ."

ಕುಡಿದು ಬಂದೆ.